ಕಾಫಿಯ ಜೊತೆ ಬರುತ್ತಿದ್ದ ಪುಡಿ

ನೋವು ಬರುವ ಮೊದಲು ಗೋಡೆಗಡಿಯಾರದ ಅರ್ಧ ಮುಖ ಕಾಣೆಯಾಗುತ್ತಿತ್ತು. ನೋಟದ ಎಡ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕೊಂದು ಮಿನುಗಲು ಶುರುವಾಗಿ, ಹಿಗ್ಗುತ್ತ ಹೋಗಿ, ಏಳರಿಂದ ಹನ್ನೊಂದರವರೆಗಿನ ಅಂಕಿಗಳನ್ನು ನುಂಗಿಬಿಡುತ್ತಿತ್ತು. ಬೆಳಕು ಆರಿದ ಮೇಲೆ ಬಲಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯಲು ಕೂತಂತೆ ಒಂದೇ ಸಮನೆ ಬಡಿತ. ಬೇಯುತ್ತಿರುವ ಆಲೂಗಡ್ಡೆಯ ವಾಸನೆಗೂ ಹೊಟ್ಟೆ ತೊಳಸುತ್ತಿತ್ತು. ಎದ್ಮೆ ಪೆರ್ನೂ ಇದನ್ನೆಲ್ಲ ಈಗ ದನಿ ಏರಿಸದೆ ಹೇಳುತ್ತಾಳೆ. ವಯಸ್ಸು ಎಪ್ಪತ್ತು ದಾಟಿದೆ. ಅರ್ಧ ಬದುಕನ್ನು ಕತ್ತಲೆ ಕೋಣೆಯಲ್ಲಿ ಕಳೆದವಳ ಮುಖದಲ್ಲಿ ಅದರ ಗುರುತೇನೂ ಇಲ್ಲ.

ಕುರ್ಮೋಂ ಎಂಬ ಊರಿನ ಗಡಿಯಾರ ಕಾರ್ಖಾನೆಗೆ ಅವಳು ಸೇರಿದ್ದು ಹದಿನೈದನೆಯ ವಯಸ್ಸಿನಲ್ಲಿ, ಯುದ್ಧದ ಕಾಲದಲ್ಲಿ. ಉತ್ತರದ ಕಿಟಕಿಗಳ ಕೆಳಗೆ ಉದ್ದಕ್ಕೆ ಮೇಜು ಹಾಕಿದ ಕೋಣೆ. ಅಲ್ಲಿ ಕೂರುತ್ತಿದ್ದವರೆಲ್ಲ ಹೆಂಗಸರು. ಗಡಿಯಾರದೊಳಗೆ ಅತ್ತಿತ್ತ ಓಲಾಡುವ ಪುಟ್ಟ ಚಕ್ರಕ್ಕೆ ಕೂದಲೆಳೆಯಂಥ ಸುರುಳಿಯನ್ನು ಕೂರಿಸಿ, ಗಡಿಯಾರ ಹಿಂದೆ ಬೀಳದಂತೆ, ಮುಂದೆ ಓಡದಂತೆ ಹೊಂದಿಸುವುದು ಅವರ ಕೆಲಸ. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮ್ಮಟ, ಬಾಯಿಗೆ ಬೀಗ. ಉಸಿರು ಜೋರಾಗಿ ಬಿಟ್ಟರೆ ಸುರುಳಿ ಹಾರಿಹೋಗುತ್ತದೆ. ತಲೆನೋವು ಅವಳಿಗೆ ಅದಕ್ಕೂ ಮೊದಲೇ ಇತ್ತು. ತಾಯಿಗೂ ಇತ್ತಂತೆ. ಆದರೆ ಆಗ ಅದು ತಿಂಗಳಿಗೊಮ್ಮೆ ಬಂದು ಹೋಗುವ ನೆಂಟ.

ಬೆಳಗಿನ ಒಂಬತ್ತಕ್ಕೆ ಗಂಟೆ ಬಾರಿಸಿದ ಕೂಡಲೇ ಝೆಲೀ ತಟ್ಟೆ ತರುತ್ತಿದ್ದಳು. ಝೆಲೀ ಆ ಸಾಲಿನ ಹಿರಿಯಳು, ಅಗಲ ಸೊಂಟದ, ಅಗಲ ಬಾಯಿಯ ಹೆಂಗಸು. ತಟ್ಟೆಯಲ್ಲಿ ಕಾಫಿ ಪಾತ್ರೆ, ಕಪ್ಪುಗಳು, ಸಕ್ಕರೆ, ಬೆಣ್ಣೆ ಸವರಿದ ಬ್ರೆಡ್ಡು, ಮತ್ತು ಒಂದು ಬಿಳಿ ಪಿಂಗಾಣಿ ಬಟ್ಟಲಲ್ಲಿ ಮಡಿಸಿದ ಕಾಗದದ ಪೊಟ್ಟಣಗಳು. ಪೊಟ್ಟಣದಲ್ಲಿ ತಲೆನೋವಿನ ಪುಡಿ. ಕೆಲವರು ಅದನ್ನು ಕಾಫಿಗೆ ಕದಡುತ್ತಿದ್ದರು, ಕೆಲವರು ಬೆಣ್ಣೆಯ ಮೇಲೆ ಉದುರಿಸಿಕೊಳ್ಳುತ್ತಿದ್ದರು. ತಲೆ ನೋಯುತ್ತಿರಲೇಬೇಕೆಂದೇನೂ ಇಲ್ಲ. ಪುಡಿ ಕೈಯ ನಡುಕ ನಿಲ್ಲಿಸುತ್ತದೆ, ಕಣ್ಣಿಗೆ ಚುರುಕು ಕೊಡುತ್ತದೆ ಎಂಬುದು ಊರಿಗೆ ಊರೇ ನಂಬಿದ ಮಾತು.

ಮೊದಲ ದಿನ ಎದ್ಮೆ ಬೇಡವೆಂದಿದ್ದಳು.

"ನಂಗೆ ಇವತ್ತು ತಲೆ ನೋಯ್ತಿಲ್ಲ, ಮದಾಮ್ ಝೆಲೀ."

"ನೋಯ್ಲಿ ಅಂತ ಕಾಯ್ತಿದ್ದೀಯಾ ಮಗಳೇ? ನೀನು ನೆಂದ ಮೇಲೆ ಛತ್ರಿ ಕೊಳ್ಳೋ ಪೈಕಿ ಅನ್ಸುತ್ತೆ."

ಸಾಲಿಗೆ ಸಾಲೇ ನಕ್ಕಿತು. ಎದ್ಮೆ ಪೊಟ್ಟಣ ಬಿಚ್ಚಿದಳು.

ಹುಟ್ಟುಹಬ್ಬಕ್ಕೆ ಪುಡಿಯ ಡಬ್ಬಿಗೆ ಕೆಂಪು ರಿಬ್ಬನ್ನು ಕಟ್ಟಿ ಕೊಡುವ ರೂಢಿಯಿತ್ತು. ಎದ್ಮೆಯ ಮದುವೆಗೆ ಕೋಣೆಯವರೆಲ್ಲ ಸೇರಿ ಕೊಟ್ಟದ್ದು ಬೆಳ್ಳಿ ಚಮಚ, ಕಸೂತಿಯ ಮೇಜುಬಟ್ಟೆ, ಒಂದು ದೊಡ್ಡ ಡಬ್ಬಿ ಪುಡಿ. ಪುಡಿ ಬೇಡವೆಂದವರನ್ನು ಯಾರೂ ಬೈಯುತ್ತಿರಲಿಲ್ಲ. "ಏನು, ನಮ್ಮ ಮೇಲೆ ಮುನಿಸಾ?" ಎಂದು ಕೇಳುತ್ತಿದ್ದರು, ಅಷ್ಟೇ. ಅಷ್ಟು ಸಾಕಾಗುತ್ತಿತ್ತು.

ಮದುವೆಯಾದದ್ದು ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದ ನ್ಯೂಮಾನನ್ನು. ಮಾತು ಕಡಿಮೆಯ ಮನುಷ್ಯ. ಮಗಳು ಸೊಲಾಂಜ್ ಹುಟ್ಟುವ ಹೊತ್ತಿಗೆ ಎದ್ಮೆಯ ತಲೆನೋವು ವಾರಕ್ಕೆರಡು ಸಲ ಬರುತ್ತಿತ್ತು. ಮಗುವಿಗೆ ನಾಲ್ಕು ತುಂಬುವಾಗ ನೋಯದ ದಿನವೇ ಅಪರೂಪ. ನೋವಿದ್ದ ದಿನ ಪುಡಿ ಒಂದರ ಬದಲು ಮೂರು. ಕಾರ್ಖಾನೆಯಿಂದ ಬಂದವಳೇ ಕಿಟಕಿಯ ಮರದ ಪಡಿಗಳನ್ನು ಎಳೆದುಕೊಂಡು ಮಲಗಿಬಿಡುತ್ತಿದ್ದಳು. ಸೊಲಾಂಜ್ ಒಂದು ದಿನ ಹಳೆಯ ಉಣ್ಣೆ ಕಾಲುಚೀಲಗಳನ್ನು ಕತ್ತರಿಸಿ ಅಡುಗೆಮನೆಯ ಕುರ್ಚಿಗಳ ಕಾಲಿಗೆ ತೊಡಿಸಿದಳು, ಎಳೆದರೆ ಸದ್ದಾಗದಿರಲಿ ಎಂದು. ಯಾರೂ ಹೇಳಿಕೊಟ್ಟದ್ದಲ್ಲ.

"ನಮ್ಮನೇಲಿ ಬೆಕ್ಕು ಕೂಡ ಬಾಗಿಲಲ್ಲೇ ಪಾದ ಬಿಚ್ಚಿಟ್ಟು ಒಳಗೆ ಬರುತ್ತೆ" ಎಂದು ನ್ಯೂಮಾ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದ. ಅವನು ಮಾಡಿದ ತಮಾಷೆಯೆಂದು ಊರು ನೆನಪಿಟ್ಟಿರುವುದು ಅದೊಂದೇ.

ಎದ್ಮೆಯ ಅಕ್ಕ ಬೆರ್ತ್, ಬಿಯೆನ್ ಎಂಬ ಪಟ್ಟಣದಲ್ಲಿದ್ದಳು. ಅವಳ ಗಂಡನದು ಬೇಕರಿ, ಮಕ್ಕಳಿರಲಿಲ್ಲ. ಒಂದು ಶನಿವಾರ ಹೇಳದೆ ಬಂದವಳು ಸೊಲಾಂಜ್ ಒಬ್ಬಳೇ ಅಡುಗೆಮನೆಯಲ್ಲಿ ಕೂತು ತಣ್ಣನೆಯ ಆಲೂಗಡ್ಡೆ ತಿನ್ನುವುದನ್ನು ನೋಡಿದಳು. ದೊಡ್ಡಮ್ಮನನ್ನು ಕಂಡು ಮಗು ಎದ್ದು ಬಂದು, ಕಿವಿಯ ಹತ್ತಿರ ಬಾಯಿಟ್ಟು ನಮಸ್ಕಾರ ಹೇಳಿತು. ಬೆರ್ತ್ ಕತ್ತಲೆ ಕೋಣೆಗೆ ಹೋಗಿ ತಂಗಿಯ ಮಂಚದ ಅಂಚಿಗೆ ಕೂತಳು.

"ಈ ಹುಡುಗಿ ಯಾಕೆ ಗುಸುಗುಸು ಮಾತಾಡ್ತಾಳೆ?"

"ಅಭ್ಯಾಸ ಆಗಿದೆ."

"ಆರು ವರ್ಷದ ಮಗೂಗೆ ಇದು ಅಭ್ಯಾಸ ಅಲ್ಲ ಕಣೇ, ಕಾಯಿಲೆ. ನಿಂದು ಅವಳಿಗೂ ಅಂಟಿದೆ."

ಎದ್ಮೆ ಗೋಡೆಯ ಕಡೆ ಹೊರಳಿದಳು. ಬಾಯಿ ತೆರೆದರೆ ವಾಂತಿಯಾಗುವ ಹಾಗಿತ್ತು.

"ನಾನು ಕರ್ಕೊಂಡು ಹೋಗ್ತೀನಿ. ನಿನ್ನ ತಲೆ ಸರಿಯಾಗೋ ತನಕ, ಅಷ್ಟೇ. ಸರಿಯಾದ ದಿನ ನೀನೇ ಬಂದು ವಾಪಸ್ ಕರ್ಕೊಂಡು ಬಾ. ನಾನೇನು ಹಿಡಿದಿಟ್ಕೊಳ್ಳಲ್ಲ."

ಆ ಸಂಜೆಯ ರೈಲಿಗೆ ಸೊಲಾಂಜ್ ದೊಡ್ಡಮ್ಮನ ಜೊತೆ ಹೋದಳು. ಅಲ್ಲಿಂದ ಮುಂದೆ ಎದ್ಮೆ ಡಾಕ್ಟರರ ಬಾಗಿಲು ಬಡಿದದ್ದೆಲ್ಲ ಆ ಒಂದು ಮಾತಿಗಾಗಿ. ನೋವು ಹೋಗಬೇಕಿತ್ತು, ಮಗಳು ಮನೆಗೆ ಬರಬೇಕಿತ್ತು; ಎರಡೂ ಒಂದೇ ಆಗಿಹೋದವು.

ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಹಲ್ಲಿನವರು ಎರಡು ಗಟ್ಟಿ ದವಡೆಹಲ್ಲು ಕಿತ್ತರು. ಇನ್ನೊಬ್ಬರು ಎಲ್ಲ ಪಿತ್ತದ ಆಟವೆಂದು ಚೀಸು, ಮೊಟ್ಟೆ, ಚಾಕೊಲೇಟು ಬಿಡಿಸಿದರು. ಎದ್ಮೆ ತೆಳ್ಳಗಾದಳು, ತಲೆನೋವು ಹಾಗೇ ಇತ್ತು. ಬೆಟ್ಟದ ಮೇಲಿನ ತೋಟದ ಮನೆಯಲ್ಲಿ ಮಂತ್ರ ಬಲ್ಲ ಮುದುಕನೊಬ್ಬನಿದ್ದ. ಸುಟ್ಟ ಗಾಯ, ಸರ್ಪಸುತ್ತು ಎಲ್ಲವನ್ನೂ ದೂರದಿಂದಲೇ ವಾಸಿ ಮಾಡುತ್ತಾನೆಂದು ಹೆಸರು. ಅವನು ಫೋನಿನಲ್ಲಿ ಹೆಸರು ಮತ್ತು ಹುಟ್ಟಿದ ದಿನ ಕೇಳಿ, "ಸರಿ, ಇಡಮ್ಮ" ಎಂದ. ಆ ವಾರ ನೋವು ಸ್ವಲ್ಪ ಇಳಿದಿತ್ತು. ನರಗಳ ತಜ್ಞರೊಬ್ಬರು ಗಂಡನ ಜೊತೆ ಹೇಗಿದ್ದೀರಿ ಎಂದು ಬಗೆಬಗೆಯಾಗಿ ಕೇಳಿದರು. ಚೆನ್ನಾಗಿದ್ದೇವೆ ಎಂದದ್ದನ್ನು ಅವರು ನಂಬಿದಂತೆ ಕಾಣಲಿಲ್ಲ.

ಎಲ್ಲರೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: ಈಗ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ? ಎದ್ಮೆ ಕೈಚೀಲದಿಂದ ಹಿಂದಿನ ಡಾಕ್ಟರುಗಳು ಕೊಟ್ಟ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಡುತ್ತಿದ್ದಳು.

"ಇಷ್ಟೇನಾ? ಬೇರೆ ಏನಾದ್ರೂ?"

"ಇಲ್ಲ ಡಾಕ್ಟ್ರೇ, ಇಷ್ಟೇ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಔಷಧಿಯೆಂದರೆ ಡಾಕ್ಟರು ಬರೆದುಕೊಡುವುದು, ಔಷಧಿ ಅಂಗಡಿಯವನು ಅಳೆದು ಕೊಡುವುದು. ಪುಡಿ ದಿನಸಿ ಅಂಗಡಿಯಲ್ಲಿ ಸಾಬೂನಿನ ಪಕ್ಕ ಇರುತ್ತಿತ್ತು. ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತೀರಾ ಎಂದು ಯಾರಾದರೂ ಕೇಳಿದ್ದರೆ ಪುಡಿಯ ಮಾತು ಬರುತ್ತಿತ್ತೇನೋ. ಕುರ್ಮೋಂನ ಡಾಕ್ಟರಿಗೆ ಗೊತ್ತಿರಬಹುದಿತ್ತು. ಆದರೆ ಅವರ ಮನೆಯ ಕಾಫಿ ತಟ್ಟೆಯಲ್ಲೂ ಅದೇ ಬಿಳಿ ಬಟ್ಟಲಿತ್ತು.

ಭಾನುವಾರಗಳಲ್ಲಿ ಅವಳು ರೈಲು ಹತ್ತಿ ಬಿಯೆನ್‌ಗೆ ಹೋಗುತ್ತಿದ್ದಳು, ನೋವು ಬಿಟ್ಟರೆ. ಬಿಡದ ಭಾನುವಾರಗಳೇ ಹೆಚ್ಚು. ಸೊಲಾಂಜ್ ಬೇಕರಿಯ ಹಿಂದಿನ ಅಂಗಳದಲ್ಲಿ ಸ್ಕೇಟು ಕಲಿತಳು, ಮಂಡಿ ಒಡೆದುಕೊಂಡಳು, ದೊಡ್ಡವಳಾದಳು. ಮೊದಲು ಬೆರ್ತ್‌ಳನ್ನು ದೊಡ್ಡಮ್ಮ ಎನ್ನುತ್ತಿದ್ದವಳು ಯಾವಾಗಲೋ ಅಮ್ಮ ಎನ್ನತೊಡಗಿದಳು. ಎದ್ಮೆ ಆಗ 'ಎದ್ಮೆ ಅಮ್ಮ' ಆದಳು. ತಿದ್ದಬೇಕೆಂದು ಬೆರ್ತ್ ಬಾಯಿ ತೆರೆದಾಗ ಎದ್ಮೆಯೇ ಕೈಯಾಡಿಸಿ ತಡೆದಳಂತೆ.

ಸೊಲಾಂಜ್‌ಗೆ ಹದಿನೈದಾದ ವರ್ಷ ಬರ್ನ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಲ್ಯೂತಿ ಎಂಬ ಹೆಂಗಸು ಎದ್ಮೆಯನ್ನು ಪರೀಕ್ಷೆಗಳಿಗಾಗಿ ಒಳರೋಗಿಯಾಗಿ ಸೇರಿಸಿಕೊಂಡರು. ಮೂರನೆಯ ದಿನ ನೋವು ಹಿಂದೆಂದೂ ಕಾಣದಷ್ಟು ಏರಿತು. ಮೈ ನಡುಗಿತು, ಹೊಟ್ಟೆಯಲ್ಲಿ ನೀರು ಕೂಡ ನಿಲ್ಲಲಿಲ್ಲ. ತಲೆಯ ಚಿತ್ರ, ಬೆನ್ನುಹುರಿಯ ನೀರು, ರಕ್ತ, ಯಾವುದರಲ್ಲೂ ಏನೂ ಸಿಗಲಿಲ್ಲ. ಎರಡನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಕಿಟಕಿಯ ಹೊರಗೆ ತಿರುವಿನಲ್ಲಿ ಟ್ರಾಮು ಕಿರುಚಿತು. ಆ ಸದ್ದಿಗೆ ನೋವು ಎದ್ದೀತೆಂದು ಎದ್ಮೆ ಕಾದಳು. ಏನೂ ಆಗಲಿಲ್ಲ. ಇನ್ನೊಂದು ಟ್ರಾಮು ಬಂತು. ಆಗಲೂ ಏನೂ ಆಗಲಿಲ್ಲ.

ಬರ್ನ್‌ನ ಗಾಳಿಯ ಗುಣವೆಂದುಕೊಂಡು ಊರಿಗೆ ಬಂದಳು. ಬೇಸಿಗೆಗೆ ಸೊಲಾಂಜ್‌ಳನ್ನು ಕರೆತರೋಣವೆಂದು ನ್ಯೂಮಾನಿಗೆ ಹೇಳಿದಳು. ಅವನು ಮಗಳ ಕೋಣೆಗೆ ಸುಣ್ಣ ಬಳಿದ. ಕೆಲಸಕ್ಕೆ ಮರಳಿದ ಮೊದಲ ದಿನ ಕೋಣೆಯವರು ಅವಳ ಕಪ್ಪಿನ ಕಿವಿಗೆ ರಿಬ್ಬನ್ನು ಕಟ್ಟಿದ್ದರು. ಝೆಲೀ ತಾನೇ ಪುಡಿ ಹಾಕಿ, ಕದಡಿ ಕೊಟ್ಟಳು. ಬೇಸಿಗೆ ಬರುವ ಮೊದಲೇ ಎದ್ಮೆ ಮತ್ತೆ ಕತ್ತಲೆ ಕೋಣೆಯಲ್ಲಿದ್ದಳು.

ಅವಳು ಬರ್ನ್‌ಗೆ ವಾಪಸು ಹೋದಳು.

"ಹೋದ್ಸಲ ಏನ್ ಮಾಡಿದ್ರೋ ಅದನ್ನೇ ಮಾಡಿ ಡಾಕ್ಟ್ರೇ."

"ನಾವು ಏನೂ ಮಾಡ್ಲಿಲ್ಲ, ಮದಾಮ್. ಬರೀ ಪರೀಕ್ಷೆ ಮಾಡಿದ್ವಿ." ಡಾಕ್ಟರ್ ಲ್ಯೂತಿಯ ಫ್ರೆಂಚು ನಿಧಾನದ್ದು, ಜರ್ಮನ್ ಮಾತಾಡುವವರು ಪದ ಹುಡುಕಿ ಹುಡುಕಿ ಆಡುವಂಥದ್ದು. "ಒಂದ್ ಕೆಲಸ ಮಾಡೋಣ. ಎದ್ದಾಗಿಂದ ಮಲಗೋವರೆಗೆ ನಿಮ್ಮ ದಿನ ಹೇಗಿರುತ್ತೆ ಹೇಳಿ. ತಿನ್ನೋದು, ಕುಡಿಯೋದು, ಎಲ್ಲಾ."

ಎದ್ಮೆ ಹೇಳಿದಳು. ಒಂಬತ್ತು ಗಂಟೆಗೆ ಬಂದಾಗ ಡಾಕ್ಟರರ ಪೆನ್ನು ನಿಂತಿತು.

"ಪುಡಿ ಅಂದ್ರೆ?"

"ತಲೆನೋವಿನ ಪುಡಿ. ಕಾಫಿ ಜೊತೆ ಕೊಡ್ತಾರಲ್ಲ, ಅದು."

"ದಿನಾನಾ?"

"ಎಲ್ರೂ ತಗೋತಾರೆ."

"ನೀವು ಬೇರೆ ಯಾವ ಔಷಧಿನೂ ತಗೊಳ್ಳಲ್ಲ ಅಂದಿದ್ರಿ."

"ಅದು ಔಷಧಿ ಅಲ್ಲ ಡಾಕ್ಟ್ರೇ, ಕಾಫಿ ಜೊತೆ ಬರುತ್ತೆ."

ಡಾಕ್ಟರ್ ಲ್ಯೂತಿ ನಗಲಿಲ್ಲ, ಗದರಲೂ ಇಲ್ಲ. ಎದ್ಮೆಗೆ ಇರುವುದು ತಾಯಿಯಿಂದ ಬಂದ ಮೈಗ್ರೇನು, ತಿಂಗಳಿಗೊಮ್ಮೆ ಬರುವಂಥದ್ದು. ಅದನ್ನು ದಿನದ ನೋವಾಗಿಸಿದ್ದು ಪುಡಿ ಎಂದು ವಿವರಿಸಿದರು. ಪುಡಿಯ ಬಲ ಇಳಿದಾಗ ತಲೆ ನೋಯುತ್ತದೆ, ನೋವಿಗೆಂದು ಮತ್ತೆ ಪುಡಿ, ಮತ್ತೆ ನೋವು. ಆಸ್ಪತ್ರೆಯಲ್ಲಿ ಪುಡಿ ಸಿಗದೆ ಮೊದಲು ನೋವು ಏರಿತು, ಆಮೇಲೆ ಬಿಟ್ಟಿತು. ಮೂತ್ರಪಿಂಡಕ್ಕೂ ಅದು ಒಳ್ಳೆಯದಲ್ಲ ಎಂದೂ ಹೇಳಿದರು.

"ಹಾಗಾದ್ರೆ ಬಿಟ್ಟಿದ್ರೆ ಆಗಲೇ ಹೋಗ್ತಿತ್ತಾ? ಅವಳಿಗೆ ಆರು ವರ್ಷ ಇದ್ದಾಗಲೇ?"

"ಯಾರಿಗೆ?" ಎಂದರು ಡಾಕ್ಟರು. ಎದ್ಮೆ ಕೈಚೀಲ ಮುಚ್ಚಿಕೊಂಡಳು.

ಪುಡಿ ಬಿಟ್ಟ ಮೊದಲ ದಿನಗಳನ್ನು ಅವಳು ಮನೆಯಲ್ಲೇ ಕಳೆದಳು. ಆಮೇಲೆ ತಲೆ ತಿಳಿಯಾಯಿತು. ಕಾರ್ಖಾನೆಯಲ್ಲಿ ತಟ್ಟೆ ಬಂದಾಗ, ಪುಡಿ ಬೇಡ, ಹೊಟ್ಟೆಗೆ ಆಗುವುದಿಲ್ಲ ಎಂದಳು. ಡಾಕ್ಟರರ ಮಾತು ಹೇಳಲಿಲ್ಲ. ಹೇಳುವುದೆಂದರೆ ಝೆಲೀಯ ಮುಖಕ್ಕೆ ಹೇಳಬೇಕಿತ್ತು. ಎದ್ಮೆ ನೋವಿನಿಂದ ಮನೆಗೆ ಹೋದ ಎಷ್ಟೋ ದಿನ ಅವಳ ಪಾಲಿನ ಸುರುಳಿಗಳನ್ನು ಕೂರಿಸಿ, ಅವಳ ಕೆಲಸ ಉಳಿಸಿದ್ದವಳು ಝೆಲೀ.

"ಬರ್ನ್‌ನವರು ಹೊಟ್ಟೆನೂ ಕಿತ್ಕೊಂಡ್ರಾ ಹಾಗಾದ್ರೆ?" ಎಂದಳು ಝೆಲೀ. ಸಾಲು ನಕ್ಕಿತು. ಆದರೆ ಮರುದಿನದಿಂದ ಕಪ್ಪನ್ನು ಮೇಜಿನ ತುದಿಯಲ್ಲಿ ಮಾತಿಲ್ಲದೆ ಇಡತೊಡಗಿದಳು.

ಒಂದು ಚಳಿಗಾಲ ಪೂರ್ತಿ ಕಾದು ನೋಡಿ, ನೋವು ತಿಂಗಳಿಗೊಮ್ಮೆಗಿಂತ ಹೆಚ್ಚು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಎದ್ಮೆ ಬಿಯೆನ್‌ಗೆ ಹೋದಳು. ಬೇಕರಿಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಯಾವುದೋ ಹುಡುಗಿ ಗಹಗಹಿಸಿ ನಗುವುದು ಕೇಳಿತು. ಯಾರೋ ಗಿರಾಕಿಯೆಂದುಕೊಂಡಳು. ಒಳಗೆ ಕಾಲಿಟ್ಟಾಗ ನಗು ನಿಂತಿತು. ಸೊಲಾಂಜ್ ಹಿಟ್ಟಿನ ಕೈ ಒರೆಸಿಕೊಂಡು ಬಂದು, ಮೆಲುದನಿಯಲ್ಲಿ, "ಬಾ ಎದ್ಮೆ ಅಮ್ಮ, ತಲೆ ಹೇಗಿದೆ?" ಎಂದಳು.

"ಸರಿಹೋಗಿದೆ. ಅದಕ್ಕೇ ಬಂದೆ." ಎದ್ಮೆ ರೈಲಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. "ಮನೆಗೆ ಬರ್ತೀಯಾ?"

ಬೆರ್ತ್ ಬೆನ್ನು ತಿರುಗಿಸಿ ಖಾಲಿ ಬುಟ್ಟಿಗಳನ್ನು ಜೋಡಿಸತೊಡಗಿದಳು.

"ಅಲ್ಲಿಗೆ ಬಂದು ಏನ್ ಮಾಡ್ಲಿ?" ಎಂದಳು ಸೊಲಾಂಜ್. ಒರಟಾಗಿ ಕೇಳಿದ್ದಲ್ಲ, ಈಸ್ಟರಿಗೆ ಶಾಲೆ ಮುಗಿಯುವುದಿತ್ತು, ಏನಾದರೊಂದು ಕೆಲಸ ಕಲಿಯಬೇಕಿತ್ತು. ಆಮೇಲೆ ಅವಳೇ ಹೇಳಿದಳು, "ನಿನ್ನ ಪಕ್ಕ ಕೂತು ನಿನ್ನ ಕೆಲಸ ಕಲೀಬಹುದಾ?"

ಮೇಲ್ವಿಚಾರಕರು ಎರಡು ವಾರ ಕೂರಿಸಿ ನೋಡೋಣವೆಂದರು. ವಸಂತದ ಆ ದಿನಗಳನ್ನು ಎದ್ಮೆ ಇವತ್ತಿಗೂ ನಿಧಾನವಾಗಿ ಹೇಳುತ್ತಾಳೆ. ತಾಯಿ ಮಗಳು ಒಟ್ಟಿಗೆ ಇಳಿಜಾರಿನ ರಸ್ತೆಯಲ್ಲಿ ನಡೆದು ಹೋಗುವುದು, ಮಧ್ಯಾಹ್ನ ಸೂಪಿಗೆ ಮನೆಗೆ ಬರುವುದು. ಹುಡುಗಿಯ ಕೈ ಚೆನ್ನಾಗಿತ್ತು. ಮೂರನೆಯ ದಿನಕ್ಕೇ ಸುರುಳಿಯನ್ನು ಚಿಮ್ಮಟದಲ್ಲಿ ಹೂವಿನ ಎಸಳು ಹಿಡಿದಂತೆ ಹಿಡಿಯುತ್ತಿದ್ದಳು. "ನನಗಿಂತ ಚೆನ್ನಾಗಿದೆ ಕಣೋ ಅವಳ ಕೈ" ಎಂದು ಎದ್ಮೆ ನ್ಯೂಮಾನಿಗೆ ಹೇಳಿದಳು.

ಅದೇ ವಾರ ಒಂದು ಬೆಳಿಗ್ಗೆ ಎದ್ಮೆಯನ್ನು ಮೇಲ್ವಿಚಾರಕರ ಕೋಣೆಗೆ ಕರೆದರು. ಅವಳು ವಾಪಸು ಬರುವಾಗ ತಟ್ಟೆ ಬಂದಾಗಿತ್ತು. ಸೊಲಾಂಜ್‌ಳ ಕೈಯಲ್ಲಿ ಕಪ್ಪು, ಮೇಜಿನ ಮೇಲೆ ಬಿಚ್ಚಿದ ಪೊಟ್ಟಣ. ಝೆಲೀ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಕಹಿ" ಎಂದಳು ಸೊಲಾಂಜ್.

"ಗಂಡ ಸಿಕ್ಕ ಮೇಲೆ ಇದೇ ಸಿಹಿ ಅನ್ಸುತ್ತೆ" ಎಂದಳು ಝೆಲೀ. "ಆಯ್ತು ಬಿಡು, ಇನ್ನು ನೀನು ನಮ್ಮವಳು."

ಸೊಲಾಂಜ್ ನಕ್ಕಳು. ಬೇಕರಿಯ ಬಾಗಿಲಲ್ಲಿ ಕೇಳಿದ್ದ ಅದೇ ನಗು. ಕುರ್ಮೋಂನಲ್ಲಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಸಂಜೆ ಮನೆಗೆ ಏರುತ್ತ ಹುಡುಗಿ ಹೇಳಿದಳು, "ಬೆಳಿಗ್ಗೆ ತಲೆ ಸ್ವಲ್ಪ ಹಿಡ್ಕೊಂಡಿತ್ತು. ಒಂದು ಕಡೆ ಮಿಣಮಿಣ ಅಂತ ಏನೋ ಬೆಳಕು. ಪುಡಿ ತಗೊಂಡೆ, ಹೋಯ್ತು. ಒಳ್ಳೇದಿದೆ ಅದು."

ಎದ್ಮೆ ಮನೆಯವರೆಗೂ ಲೆಕ್ಕ ಹಾಕುತ್ತ ನಡೆದಳು. ಹೇಳಲು ಎರಡು ದಾರಿಗಳಿದ್ದವು. ಹುಡುಗಿಗೆ ಕೊಡಬೇಡವೆಂದು ಝೆಲೀಗೆ ಹೇಳಬಹುದಿತ್ತು. ಆಗ ಯಾಕೆಂದೂ ಹೇಳಬೇಕಾಗುತ್ತಿತ್ತು. ತೆಗೆದುಕೊಳ್ಳಬೇಡವೆಂದು ಮಗಳಿಗೆ ಹೇಳಬಹುದಿತ್ತು. ಸರಿ ಎನ್ನುತ್ತಿದ್ದಳು. ಆದರೆ ಆ ತಟ್ಟೆ ದಿನವೂ ಬರುತ್ತದೆ, ವರ್ಷಗಟ್ಟಲೆ ಬರುತ್ತದೆ. ಬೇಡ ಎಂದರೆ ಏನಾಗುತ್ತದೆಂದು ಎದ್ಮೆಗೆ ಆ ಚಳಿಗಾಲದಲ್ಲಿ ಗೊತ್ತಾಗಿತ್ತು. ಹದಿನಾರರ ಹುಡುಗಿ ಅದನ್ನು ತಡೆದುಕೊಳ್ಳುತ್ತಾಳೆಂದು ಅವಳಿಗೆ ಅನ್ನಿಸಲಿಲ್ಲ.

ಶನಿವಾರ ಊಟದ ಮೇಜಿನಲ್ಲಿ ಎದ್ಮೆ ಹೇಳಿದಳು, "ನಿನ್ನ ಕೈ ಈ ಕೆಲಸಕ್ಕೆ ಒಗ್ಗಲ್ಲ, ಸೊಲಾಂಜ್."

"ಮೇಲ್ವಿಚಾರಕರು ಚೆನ್ನಾಗಿದೆ ಅಂದ್ರಲ್ಲ."

"ಅವರು ನನ್ನ ಮುಖ ನೋಡಿ ಅಂದಿದ್ದು."

ಹುಡುಗಿ ಎರಡು ಕೈಗಳನ್ನೂ ಮೇಜಿನ ಕೆಳಗೆ ಇಟ್ಟುಕೊಂಡಳು. ಹಾಗಾದರೆ ನಾಳೆ ಮಧ್ಯಾಹ್ನದ ರೈಲಿಗೆ ಹೋಗುತ್ತೇನೆ ಎಂದಳು. ಅಳಲಿಲ್ಲ. ರೈಲು ಹೋದ ಮೇಲೆ ನ್ಯೂಮಾ ಪ್ಲಾಟ್‌ಫಾರ್ಮಿನಲ್ಲೇ ಕೇಳಿದ:

"ಅವಳ ಕೈ ನಿನಗಿಂತ ಚೆನ್ನಾಗಿದೆ ಅಂತ ಮೊನ್ನೆ ತಾನೇ ಅಂದ್ಯಲ್ಲ?"

"ಅಂದೆ."

ಅವನು ಮತ್ತೆ ಕೇಳಲಿಲ್ಲ. ಎಷ್ಟೋ ದಿನಗಳ ಮೇಲೆ ಪುಡಿಯ ವಿಷಯವನ್ನು ಅವಳೇ ಹೇಳಿದಳು.

ಸೊಲಾಂಜ್ ಬೇಕರಿಯಲ್ಲೇ ಉಳಿದಳು. ಒಂದಿಡೀ ವರ್ಷ ಕುರ್ಮೋಂಗೆ ಬರಲಿಲ್ಲ. ಬಂದಾಗ ಸಿಹಿ ಬ್ರೆಡ್ಡು ತಂದು, ಕಾಫಿ ಕುಡಿದು, ಸಂಜೆಗೆ ಹೊರಟುಬಿಟ್ಟಳು. ಊರಿನಲ್ಲಿ ಅಷ್ಟು ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಕಾಯಿಲೆ ಬೀಳತೊಡಗಿದ್ದರು. ಝೆಲೀಯ ಕಾಲು ಊದಿತು, ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತು, ಮೂತ್ರಪಿಂಡ ಕೈಬಿಟ್ಟಿತ್ತು. ಆಮೇಲೆ ಪುಡಿ ದಿನಸಿ ಅಂಗಡಿಯಿಂದ ಮಾಯವಾಯಿತು. ಝೆಲೀಯ ಮಣ್ಣಿಗೆ ಹೋದ ಎದ್ಮೆ ಅವಳ ಹೆಣ್ಣುಮಕ್ಕಳ ಕೈ ಕುಲುಕದೆ ಬಂದುಬಿಟ್ಟಳು. "ನಂಗೆ ಗೊತ್ತಿತ್ತು" ಎನ್ನುತ್ತಾಳೆ. "ಗೊತ್ತಿದ್ದೂ ಹೊಟ್ಟೆಗೆ ಆಗಲ್ಲ ಅಂದೆ."

ನಿಜವನ್ನು ಸೊಲಾಂಜ್‌ಗೆ ತಿಳಿಸಿದವನು ನ್ಯೂಮಾ, ತನ್ನ ಕೊನೆಯ ಕಾಯಿಲೆಯಲ್ಲಿ. ಅವಳಿಗಾಗ ಮೂವತ್ತರ ಹತ್ತಿರ, ಎರಡು ಮಕ್ಕಳ ತಾಯಿ. ಆ ದಿನ ಅಡುಗೆಮನೆಗೆ ಬಂದು ಎದ್ಮೆಯ ಎದುರು ಕೂತಳು.

"ನನ್ನ ಕೈ ಚೆನ್ನಾಗಿತ್ತಂತೆ."

"ಚೆನ್ನಾಗಿತ್ತು."

"ಒಂದು ಮಾತು ಹೇಳಿದ್ರೆ ನಾನು ಆ ಪುಡಿ ಮುಟ್ತಿರ್ಲಿಲ್ಲ."

"ಮುಟ್ತಿದ್ದೆ. ನಾನೂ ಮುಟ್ಟಿದೆ."

"ಇರಬಹುದು. ಆದ್ರೂ ನನ್ನನ್ನ ಕೇಳ್ಬೇಕಿತ್ತು."

ಎದ್ಮೆ ಎದ್ದು ಕಾಫಿ ಪಾತ್ರೆಯನ್ನು ಒಲೆಗಿಟ್ಟಳು. ಸೊಲಾಂಜ್‌ಗೂ ಮೈಗ್ರೇನು ಬರುತ್ತದೆ, ಆಗೊಮ್ಮೆ ಈಗೊಮ್ಮೆ. ಒಂದು ದಿನ ಮಲಗಿ ಏಳುತ್ತಾಳೆ.

ಕಳೆದ ಚಳಿಗಾಲದಲ್ಲಿ ಬೆರ್ತ್ ತೀರಿಕೊಂಡಳು. ಬಿಯೆನ್‌ನ ಚರ್ಚಿನಲ್ಲಿ ಸೊಲಾಂಜ್ ಮೊದಲ ಸಾಲಿನಲ್ಲಿ ಗಂಡ ಮಕ್ಕಳೊಂದಿಗೆ ಕೂತಳು, ಮಗಳು ಕೂರುವ ಜಾಗದಲ್ಲಿ. ಎದ್ಮೆ ತಾನಾಗಿಯೇ ಎರಡನೆಯ ಸಾಲಿಗೆ ಹೋದಳು. ಸೊಲಾಂಜ್ ತಿರುಗಿ ನೋಡಿ, ಪಕ್ಕಕ್ಕೆ ಸರಿದು, ಬೆಂಚಿನ ಮೇಲೆ ಕೈಯಿಟ್ಟು ಜಾಗ ತೋರಿಸಿದಳು. ಎದ್ಮೆ ಬೇಡವೆಂದು ತಲೆಯಾಡಿಸಿದಳು. ಸೊಲಾಂಜ್ ಇನ್ನೂ ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟಿದ್ದು, ಆರ್ಗನ್ ಶುರುವಾದಾಗ ತೆಗೆದಳು.

"ಅವತ್ತಾದ್ರೂ ಅವಳ ಪಕ್ಕ ಹೋಗಿ ಕೂರಬೇಕಿತ್ತೇನೋ" ಎನ್ನುತ್ತಾಳೆ ಎದ್ಮೆ.